ಹದಿನಾಲ್ಕನೇ ನಂಬರಿನ ಮುಖ

ಥಾಯ್ಲೆಂಡಿನ ಮಹಾಚಾಯ್‌ನ ಸೀಗಡಿ ಶೆಡ್ಡಿನಲ್ಲಿ ಹೊಂಗ್ಸಾ ಎಂಟು ವರ್ಷ ನನ್ನ ಪಕ್ಕದಲ್ಲೇ ನಿಂತು ಸೀಗಡಿ ಸುಲಿದವಳು. ಇಬ್ಬರೂ ಬರ್ಮಾದ ಮೋನ್ ಜನ, ಒಂದೇ ಕಾಡುದಾರಿಯಲ್ಲಿ ಗಡಿ ದಾಟಿದವರು.

ಆ ವರ್ಷ ಒರಾವಾನ್ ಅನ್ನೋ ಥಾಯ್ ಹೆಂಗಸು ಕ್ಯಾಮೆರಾ ಹಿಡಿದು ನಮ್ಮ ವಠಾರಕ್ಕೆ ಬರತೊಡಗಿದಳು. ಮೊದಲ ಮೂರು ತಿಂಗಳು ಅದನ್ನು ಚೀಲದಿಂದ ಆಚೆಗೇ ತೆಗೆಯಲಿಲ್ಲ. ನಮ್ಮ ಜೊತೆ ಉಂಡಳು, ಮಕ್ಕಳ ತಲೆ ಬಾಚಿದಳು. ಆಮೇಲೆ ಬರೀ ಕೈಗಳ ಫೋಟೊ ತೆಗೆದಳು. ಐಸಿಗೆ, ಉಪ್ಪುನೀರಿಗೆ ಬಿರಿದ ಕೈಗಳು. ಮುಖ ತೋರಿಸಿದರೆ ಕೆಲಸದ ಪರವಾನಗಿ ಕಾರ್ಡಿಲ್ಲದವರಿಗೆ ಪೊಲೀಸರ ಕಾಟ.

ಹೊಂಗ್ಸಾ ಮಾತ್ರ ಕೈಗಳನ್ನು ಬೆನ್ನಹಿಂದೆ ಅಡಗಿಸಿಕೊಂಡಳು.

"ಕೈ ಬೇಡಕ್ಕ. ಮುಖ ತೆಗಿ."

"ಯಾರಾದ್ರೂ ಗುರುತು ಹಿಡಿದ್ರೆ?"

"ಹಿಡೀಲಿ ಬಿಡು, ನಂಗೆ ಕಾರ್ಡಿದೆ. ಕೈ ನೋಡಿದೋರೆಲ್ಲ ಅಯ್ಯೋ ಪಾಪ ಅಂತಾರೆ. ನಾನೇನು ಬೀದಿನಾಯಿನಾ?"

"ನೋಡ್ರೇ, ಮಹಾರಾಣಿ ಬಂದ್ಲು!" ಅಂತ ರೇಗಿಸಿದೆ.

"ಹೂಂ ಕಣೆ, ಮಹಾರಾಣಿನೇ. ಏನೀಗ?"

ಮಾರನೇ ದಿನ ಕೆನ್ನೆಗೆ ತನಾಕಾ ಗಂಧ ಹಚ್ಚಿ, ಹಬ್ಬದ ಕೆಂಪು ಲುಂಗಿ ಉಟ್ಟು ಹೊಸಿಲ ಮೇಲೆ ಕೂತಳು. ನಗಲಿಲ್ಲ. ಒರಾವಾನ್ ಒಂದೇ ಒಂದು ಫೋಟೊ ತೆಗೆದಳು.

ಒಂದು ಭಾನುವಾರ ಬೌದ್ಧ ವಿಹಾರದ ಅಂಗಳದಲ್ಲಿ ಹಗ್ಗ ಕಟ್ಟಿ ಎಲ್ಲವನ್ನೂ ತೂಗುಹಾಕಿದರು. ನಲವತ್ತು ಜೊತೆ ಕೈಗಳ ನಡುವೆ ಒಂದು ಮುಖ. ನಮ್ಮ ಮೇಸ್ತ್ರಿ ಹೆಂಡತಿ ಜೊತೆ ಬಂದವನು ಅಲ್ಲೇ ನಿಂತುಬಿಟ್ಟ.

"ಏನು ಗತ್ತು! ಯಾವ ಶೆಡ್ಡಿನವಳಮ್ಮ ಇವಳು?" ಅಂತ ಒರಾವಾನ್‌ಳನ್ನು ಕೇಳಿದ.

ಹೊಂಗ್ಸಾ ಅವನ ಬೆನ್ನಿಗೇ ನಿಂತಿದ್ದಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಕೊಡವಿಕೊಂಡು ಮುಂದೆ ಹೋದಳು.

"ನಿಮ್ಮದೇ ಶೆಡ್ಡು ಯಜಮಾನ್ರೇ. ಹದಿನಾಲ್ಕನೇ ನಂಬರು."

ಮೇಸ್ತ್ರಿ ಫೋಟೊ ನೋಡಿದ, ಅವಳನ್ನು ನೋಡಿದ. ಶೆಡ್ಡಿನಲ್ಲಿ ನಮಗೆ ಟೋಪಿ, ಮಾಸ್ಕು, ಎದೆಯ ಮೇಲೊಂದು ನಂಬರು. ಕಣ್ಣಷ್ಟೇ ಆಚೆ. ಅವನ ಹೆಂಡತಿಯೇ, "ನಿನ್ನ ಹೆಸರೇನವ್ವ?" ಅಂದಳು.

"ಹೊಂಗ್ಸಾ. ಮಿ ಹೊಂಗ್ಸಾ." ನಮ್ಮ ಮೋನ್ ಹೆಂಗಸರ ಹೆಸರಿಗೆ ಮುಂದೆ ಸೇರುವ 'ಮಿ'ಯನ್ನೂ ಬಿಡದೆ ಹೇಳಿದಳು.

ಸೋಮವಾರ ಅವನು ಮತ್ತೆ "ಏಯ್ ಹದಿನಾಲ್ಕು!" ಅಂತಲೇ ಕೂಗಿದ. ಹೊಂಗ್ಸಾ ತಲೆ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ನಮ್ಮೆಲ್ಲರ ಕೈ ನಿಂತವು. ಮೂರನೇ ಸಲ ಗಂಟಲು ಸರಿಮಾಡಿಕೊಂಡು ಹೆಸರು ಹಿಡಿದು ಕರೆದ.

ಮುಂದಿನ ಭಾನುವಾರ ಏಳು ಜನ ತಲೆಗೆ ಸ್ನಾನ ಮಾಡಿ ಒರಾವಾನ್ ಬಾಗಿಲಲ್ಲಿ ನಿಂತಿದ್ದೆವು. ಕಾರ್ಡಿದ್ದವರು ಮೂವರೇ. ಅವಳು ಎಲ್ಲರದ್ದೂ ತೆಗೆದಳು. ಮೂವರದ್ದು ಹಗ್ಗಕ್ಕೇರಿತು. ಉಳಿದ ನಾಲ್ಕನ್ನು ಕಾಗದದಲ್ಲಿ ಸುತ್ತಿ, ನಮ್ಮ ನಮ್ಮ ಕೈಗೇ ಕೊಟ್ಟಳು.