ಕಣದ ಸುತ್ತಲ ಕಣ್ಣುಗಳು

ಪ್ರೇಮಾವತಿಗೆ ತಲೆ ಕೆಟ್ಟಿದೆ ಎಂದು ಕಕ್ಕಬೆಯ ನೆಂಟರೆಲ್ಲ ಒಮ್ಮತಕ್ಕೆ ಬಂದಿದ್ದರು. ತೋಟದ ಪಾಲಿನ ಮಾತು ಬಂದರೆ ಒಂದು ದಿನವೂ ಒಂದಾಗದ ಜನ, ಇದರಲ್ಲಿ ಮಾತ್ರ ಬೇಗ ಒಂದಾದರು. ಮಳೆಗಾಲದಲ್ಲಿ ಗುಡ್ಡ ಜರಿದು ಅವಳ ಮನೆ, ಕೊಟ್ಟಿಗೆ, ಕಾಫಿ ಒಣಗಿಸುವ ಸಿಮೆಂಟಿನ ಕಣ ಎಲ್ಲ ಕೆಸರಿನ ಪಾಲಾಗಿತ್ತು. ದನ ಬಿಚ್ಚಲೆಂದು ಕಣದಾಚೆಯ ಕೊಟ್ಟಿಗೆಗೆ ಓಡಿದ ಗಂಡ ಕುಟ್ಟಪ್ಪನೂ ಅದರೊಳಗೇ ಹೋಗಿದ್ದ. ಮನೆಯಿದ್ದ ಜಾಗವನ್ನೂ ಕೆಳಗೆ ಹರಿಯುವ ತೋಡನ್ನೂ ಅಗೆದು ಅಗೆದು, ಹೆಣ ಸಿಗದೆ, ಹುಡುಕುವವರು ಕೈಚೆಲ್ಲಿದ್ದರು. ಇನ್ನು ಹುಲ್ಲಿನ ಬೊಂಬೆ ಮಾಡಿ, ಅದನ್ನೇ ಕುಟ್ಟಪ್ಪನೆಂದು ಸುಟ್ಟು ಕರ್ಮ ಮುಗಿಸುವುದೆಂದು ಹಿರಿಯರು ತೀರ್ಮಾನಿಸಿದ್ದರು. ನಾಳೆಯೇ ಆ ದಿನ.

ಪ್ರೇಮಾವತಿಗೆ ಹುಲ್ಲು ಬೇಡವಾಗಿತ್ತು. ಗಂಡ ಬೇಕಿತ್ತು, ಯಾವ ರೂಪದಲ್ಲಾದರೂ ಸರಿ. ಹಾಗಾಗಿ ದಿನಾ ಕತ್ತಲಾಗುತ್ತಲೇ ಮೈದುನ ತೀರ್ಥಪ್ರಸಾದನ ಮನೆಯಿಂದ ಹೊರಬಿದ್ದು, ಹಣೆಗೆ ಟಾರ್ಚು ಬಿಗಿದುಕೊಂಡು, ಜರಿದ ಗುಡ್ಡದಲ್ಲಿ ಅಲೆಯುತ್ತಿದ್ದಳು. ಆ ಮಣ್ಣಿನ ಮೇಲೆ ಜೀವವೆಂಬುದೇ ಇರಲಿಲ್ಲ. ಕಪ್ಪೆ ವಟಗುಟ್ಟುತ್ತಿರಲಿಲ್ಲ, ಜೀರುಂಡೆಯೂ ಇಲ್ಲ. ತನ್ನ ಉಸಿರಿನ ಸದ್ದಿಗೆ ತಾನೇ ಬೆಚ್ಚಿ ತಿರುಗಿ ನೋಡುತ್ತಿದ್ದಳು.

ನಿನ್ನೆ ಮಾತ್ರ, ಮನೆಯಿದ್ದ ಜಾಗದಿಂದ ಬಹಳ ಕೆಳಗೆ, ಯಾರೂ ಅಗೆಯದ ಒಂದು ಮಗ್ಗುಲಲ್ಲಿ, ಯಾವುದೋ ಅವಳನ್ನು ನೋಡಿತು. ಒಂದು ಹಸಿರು ಚುಕ್ಕೆ. ಪಕ್ಕದಲ್ಲಿ ಇನ್ನೊಂದು. ತಲೆಯೆತ್ತಿದರೆ ನೂರಾರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಆದರೆ ಆ ಕಣ್ಣುಗಳ ಪರಿಚಯ ಅವಳಿಗಿತ್ತು. ಕಾಫಿ ಒಣಹಾಕಿದ ದಿನಗಳಲ್ಲಿ ಕಳ್ಳರ ಭಯಕ್ಕೆ ಗಂಡಹೆಂಡಿರು ಹಣೆಗೆ ಟಾರ್ಚು ಕಟ್ಟಿ ಕಣ ಕಾಯುವಾಗ ಅದರ ಸುತ್ತಲ ಅಂಗಳದ ತುಂಬ ಹೀಗೇ ಹೊಳೆಯುತ್ತಿದ್ದವು. ಉಗುರಿನಷ್ಟು ಜೇಡಗಳು. ಬಲೆ ನೇಯುವ ಜಾತಿಯಲ್ಲ. ಹಗಲೆಲ್ಲ ಮಣ್ಣಿನ ತೂತಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ತೂತಿನ ಬಾಯಿಗೆ ಬಂದು ಕೂರುವಂಥವು. ಸಂಬಳವಿಲ್ಲದ ಕಾವಲುಗಾರರು ಎಂದು ಕುಟ್ಟಪ್ಪ ನಗುತ್ತಿದ್ದ.

ಬೋಳು ಮಣ್ಣಿಗೆ ಇವು ಎಲ್ಲಿಂದ ಬಂದವು? ಪ್ರೇಮಾವತಿ ಸುತ್ತು ಹಾಕಿದಳು. ಹೊಳೆಯುವ ಕಣ್ಣುಗಳ ನಟ್ಟನಡುವೆ ಒಂದು ಕಪ್ಪು ಚೌಕವಿತ್ತು. ಅದರೊಳಗೆ ಒಂದೂ ಕಣ್ಣಿಲ್ಲ. ನಾಲ್ಕು ಮೂಲೆಯೂ ಅಳೆದು ಕೊರೆದಷ್ಟು ನೇರ. ಅದು ಅವಳ ಕಣ. ಮೇಲೆ ತೆಳ್ಳಗೆ ಕೆಸರು ಹರಡಿದೆ, ಅಡಿಯಲ್ಲಿ ಸಿಮೆಂಟು. ಅಲ್ಲಿ ಜೇಡ ತೂತು ಕೊರೆಯುವುದು ಹೇಗೆ? ಅಂಗಳಕ್ಕೆ ಅಂಗಳವೇ ಜೇಡಗಳ ಸಮೇತ ಇಡಿಯಾಗಿ ಜಾರಿ ಬಂದು ಇಲ್ಲಿ ಕೂತಿತ್ತು. ಹಾಗಾದರೆ ಕಣದಾಚೆಯ ಕೊಟ್ಟಿಗೆಯೂ ಇಲ್ಲೇ ಪಕ್ಕದಲ್ಲಿರಬೇಕು.

ಇದನ್ನು ಹೇಳಿದ ಮೇಲೆಯೇ ನೆಂಟರು ಒಮ್ಮತಕ್ಕೆ ಬಂದದ್ದು. ತೀರ್ಥಪ್ರಸಾದ ಮಾತ್ರ ಈ ಸಂಜೆ ಅವಳ ಹಿಂದೆ ಬಂದಿದ್ದ. ನಂಬಿ ಬಂದವನಲ್ಲ, ಅವಳನ್ನು ಒಬ್ಬಳೇ ಬಿಡಲಾಗದೆ ಬಂದವನು. ಕೈಯಲ್ಲಿ ದೊಡ್ಡ ಟಾರ್ಚು ಹಿಡಿದು, ಸೊಂಟದ ಮಟ್ಟದಿಂದ ಇಡೀ ಮಗ್ಗುಲಿಗೆ ಬೆಳಕು ಹಾಯಿಸಿದ. ಮತ್ತೆ ಹಾಯಿಸಿದ.

“ಎಂತದೂ ಇಲ್ಲೆ ಅತ್ತಿಗೆ,” ಎಂದ. ಅವನ ದನಿಯಲ್ಲಿ ಅಳುವಿತ್ತು. “ಬರೀ ಮಣ್ಣ್.”

ಅವಳ ಮುಂದೆ ನೂರಾರು ಕಣ್ಣು ಉರಿಯುತ್ತಿದ್ದವು. ಪಕ್ಕದಲ್ಲೇ ನಿಂತವನಿಗೆ ಒಂದೂ ಕಾಣುತ್ತಿಲ್ಲ. ನಿಜವಾಗಿ ತಲೆ ಕೆಟ್ಟಿದೆಯೇ ಎಂದು ಮೊದಲ ಸಲ ಅವಳಿಗೇ ದಿಗಿಲಾಯಿತು. ಹಣೆಯ ಟಾರ್ಚನ್ನು ಬಿಚ್ಚಿ ಕೈಗೆ ತೆಗೆದುಕೊಂಡಳು. ಕಣ್ಣುಗಳೆಲ್ಲ ಒಟ್ಟಿಗೆ ಆರಿಹೋದವು.

ಅಲ್ಲೇ ಅವಳಿಗೆ ಹೊಳೆಯಿತು. ನೋಡುವವರ ಕಣ್ಣಿನ ಮಗ್ಗುಲಿಂದಲೇ ಬೆಳಕು ಹೋದರೆ ಮಾತ್ರ ಅವು ತಿರುಗಿ ಹೊಳೆಯುತ್ತವೆ. ಟಾರ್ಚನ್ನು ಮೈದುನನಿಗೆ ಕೊಟ್ಟಳು.

“ಹಣೆಗೆ ಕಟ್ಟಿ ನೋಡ್, ತೀರ್ಥ.”

ಅವನು ಕಟ್ಟಿಕೊಂಡ. ತಲೆ ತಿರುಗಿಸಿ ತಿರುಗಿಸಿ ಇಡೀ ಮಗ್ಗುಲು ನೋಡಿದ. ಆಮೇಲೆ ಕಪ್ಪು ಚೌಕದ ಅಂಚು ಹಿಡಿದು, ಕಣ್ಣುಗಳನ್ನು ತುಳಿಯದಂತೆ ಹೆಜ್ಜೆಯಿಡುತ್ತ ಹೋಗಿ, ಕೊಟ್ಟಿಗೆಯಿದ್ದ ಮೂಲೆಗೆ ಕಾಫಿ ಗಿಡದ ಒಂದು ಕೋಲು ಚುಚ್ಚಿದ. ವಾಪಸು ಬಂದು ಅತ್ತಿಗೆಯ ಕಾಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಬೆಳಗ್ಗೆ ಕರ್ಮಕ್ಕೆಂದು ಬಂದ ನೆಂಟರು ತೀರ್ಥಪ್ರಸಾದನ ಮಾತು ಕೇಳಿ ಕೈಗೆ ಗುದ್ದಲಿ ಎತ್ತಿಕೊಂಡರು. ಹಗಲಲ್ಲಿ ಅದು ಬರೀ ಕೆಸರು, ಕೋಲೊಂದೇ ಗುರುತು. ಎದೆಮಟ್ಟ ಅಗೆದಾಗ ಕೊಟ್ಟಿಗೆಯ ಹೆಂಚು ಸಿಕ್ಕಿತು. ಅದರಡಿ ಹಸು, ಹಸುವಿನ ಹಗ್ಗ, ಹಗ್ಗ ಹಿಡಿದ ಕೈ.

ಬಂದ ಪೊಲೀಸಿನವರು ಮೃತನ ಹೆಸರೇನೆಂದು ಮೆಲ್ಲಗೆ ಕೇಳಿದರು. ತೀರ್ಥಪ್ರಸಾದ ಅತ್ತಿಗೆಯ ಕಡೆ ತಿರುಗಿದ. ಪ್ರೇಮಾವತಿ ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಕತ್ತಲಲ್ಲಿ ಹುಡುಕುವಾಗಲೂ ಬರೀ “ಓಯ್” ಎಂದು ಕೂಗಿದವಳು. ಹೊಂಡದ ಅಂಚಿಗೆ ಬಂದು ನಿಂತಳು.

“ಕುಟ್ಟಪ್ಪ,” ಎಂದಳು. ಸಾಲದೆನ್ನಿಸಿ, ದೂರದ ತೋಟದಲ್ಲಿರುವವನನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಕೂಗಿದಳು. ಹೊಂಡದಲ್ಲಿದ್ದವನನ್ನು ಬಿಟ್ಟು ಎಲ್ಲರೂ ಗುಡ್ಡದ ಕಡೆ ತಿರುಗಿ, ಓಗೊಡುವುದನ್ನು ಕಾಯುತ್ತ ನಿಂತರು.