ಕುಪ್ಪಸಾಮಿ ದಾಟದ ನದಿ

ಇದರಲ್ಲಿ ಒಂದೆಳೆ ಸುಳ್ಳಿದ್ದರೂ ನನ್ನ ಮಗ್ಗಕ್ಕೆ ಗೆದ್ದಲು ಹಿಡಿಯಲಿ. ನನಗೀಗ ಮಗ್ಗವಿಲ್ಲ, ಅದು ಬೇರೆ ವಿಷಯ. ಟೀ ಅಂಗಡಿಯ ಬೆಂಚಿನ ಮೇಲೆ ಮದುಕ್ಕರೈ ಬಸ್ಸಿಗೆ ಕಾಯುತ್ತಿದ್ದ ದಂಡಪಾಣಿಗೂ ಹೀಗೇ ಆಣೆಯಿಟ್ಟು ಶುರುಮಾಡಿದೆ.

ಎಂಬತ್ನಾಲ್ಕರಲ್ಲಿ ಕುರಿಚಿಯ ನಮ್ಮ ನೇಕಾರರ ಬೀದಿಯಲ್ಲಿ ಒಂದು ಹಾಡುನಾಟಕ ಆಡಿದೆವು. ಅದರಲ್ಲಿ ಬರಿಯ ಮಾತೇ ಇಲ್ಲ. ಬಾಯಾರಿದರೂ ರಾಗದಲ್ಲೇ ನೀರು ಕೇಳಬೇಕು. ಮಾಯಾವಿಯ ಮಗಳನ್ನು ರಾಜಕುಮಾರ ಬಯಸುತ್ತಾನೆ. ಬೆಂಕಿಯನ್ನೂ ನದಿಯನ್ನೂ ದಾಟಿದರೆ ಹುಡುಗಿ ಅವನಿಗೆ. ಕಥೆ ಇಷ್ಟೇ.

ಮಾಯಾವಿ ಬೆಳ್ಳಿಯಪ್ಪ. ಗೊತ್ತುಮಾಡಿದ್ದ ನಟಿ ಬರಲಿಲ್ಲವೆಂದು ಅವನ ಸ್ವಂತ ಮಗಳು ರಂಗನಾಯಕಿಯೇ ಮಾಯಾವಿಯ ಮಗಳಾದಳು. ರಾಜಕುಮಾರ ಕುಪ್ಪಸಾಮಿ. ಈ ಕುಪ್ಪಸಾಮಿ ಅವಳನ್ನು ನಿಜವಾಗಿಯೂ ಕೇಳಿ, ನಿಜವಾಗಿಯೂ ಬೈಸಿಕೊಂಡಿದ್ದ. ಮಗ್ಗ ಬಿಟ್ಟು ಎರಕದ ಕಾರ್ಖಾನೆಗೆ ಹೋದವನಿಗೆ ಹೆಣ್ಣು ಕೊಡೆನೆಂದು ಬೆಳ್ಳಿಯಪ್ಪನ ಹಟ. ಆದರೆ ಅಂದು ಅವನು ನಮ್ಮ ಕುಲದೇವತೆ ಚೌಡಮ್ಮನ ದೀಪದ ಮುಂದೆ ನಿಂತು, ದಾಟಿದವನಿಗೆ ನನ್ನ ಮಗಳು ಎಂದು ಹಾಡಿಬಿಟ್ಟ. ಆ ದೀಪದ ಮುಂದೆ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಡಿದ್ದಕ್ಕೂ ಅದು ಸಲ್ಲುತ್ತದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

"ನಾಟಕ ನಾಟಕ ತಾನೆ ಅಣ್ಣಾ?" ಎಂದ ದಂಡಪಾಣಿ.

"ಅದೇ ನಮಗೂ ಕೊಳಪ್ಪ, ಗೊಂದಲ ಆಗಿದ್ದು," ಎಂದೆ.

ಬೆಂಕಿ ಸುಲಭವಾಯಿತು. ಕೆಂಪು ಕಾಗದ, ಒಂದು ಟೇಬಲ್ ಫ್ಯಾನು. ಕುಪ್ಪಸಾಮಿಯ ಮೀಸೆ ಮಾತ್ರ ಸ್ವಲ್ಪ ಸುಟ್ಟಿತು. ಕಾಗದಕ್ಕೆ ಅದು ಹೇಗೆ ಸಾಧ್ಯವಾಯಿತೋ, ನನ್ನನ್ನು ಕೇಳಬೇಡಿ.

ನದಿಯ ಪರದೆಯನ್ನು ಆರ್.ಎಸ್. ಪುರಂನಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವವನು ಕಳಿಸಿರಲಿಲ್ಲ. ಹಾಗಾಗಿ ಬೆಳ್ಳಿಯಪ್ಪನ ನೀಲಿ ಪಾವನ್ನೇ, ಅಂದರೆ ಮಗ್ಗಕ್ಕೇರಿಸಲು ಉದ್ದಕ್ಕೆ ಹಾಸುವ ನೂಲನ್ನೇ, ಹುಡುಗನಿಗೂ ಹುಡುಗಿಗೂ ನಡುವೆ ಎಳೆದೆವು. ಈಚೆ ತುದಿ ಹಿಡಿದು ಅಲೆ ಎಬ್ಬಿಸುವ ಕೆಲಸ ನನ್ನದು.

ಕುಪ್ಪಸಾಮಿ ಕಾಲೆತ್ತಿದ. ಆಗ ನಮಗೆಲ್ಲ ಹೊಳೆಯಿತು: ಹಾಸಿದ ನೂಲನ್ನು ನೇಕಾರ ತುಳಿಯುವುದಿಲ್ಲ, ದಾಟುವುದೂ ಇಲ್ಲ. ದಾಟದಿದ್ದರೆ ಹುಡುಗಿ ಹೋದಳು. ದಾಟಿದರೆ, ಇವನು ಮಗ್ಗದ ಮರ್ಯಾದೆ ಮರೆತವನು ಎಂಬ ಬೆಳ್ಳಿಯಪ್ಪನ ಮಾತು ನಿಜವಾಯಿತು.

"ದಾಟು ಮಾಪಿಳ್ಳೆ, ಅದು ನೀರು," ಎಂದು ಯಾರೋ ಅವನನ್ನು ಆಗಲೇ ಅಳಿಯನನ್ನಾಗಿಸಿ ಕೂಗಿದರು.

"ನೀರಲ್ಲ, ಪಾವು. ಕಾಲಿಟ್ಟೆ ಅಂದ್ರೆ ಮುರೀತೀನಿ," ಎಂದಳು ಮುಂದೆಯೇ ಕೂತಿದ್ದ ಕುಪ್ಪಸಾಮಿಯ ಅಜ್ಜಿ ಜಾನಕಿಯಮ್ಮ.

ಕಾಲೆತ್ತಿದವನು ಹಾಗೇ ನಿಂತ. ಎಲ್ಲಿಂದಲೋ ಕೊಕ್ಕರೆಯೊಂದು ಬಂದು ಅವನ ಪಕ್ಕ ಒಂಟಿ ಕಾಲಲ್ಲಿ ನಿಂತಿತು. ನಾನೇ ನೋಡಿದ್ದೇನೆ.

ಆಚೆ ದಡದಿಂದ ರಂಗನಾಯಕಿ ಹಾಡಲಿಲ್ಲ, ಮಾತಾಡಿದಳು. "ಕೊಕ್ಕರೆ ಜತೆ ಏನ್ ಮಾಡ್ತಿದೀಯ? ನಿನ್ ಕಡೆಯಿಂದ ನೂಲು ಸುತ್ತು. ನಾನೂ ಸುತ್ಕೊಂಡು ಬತ್ತೀನಿ."

ಅವನು ನನ್ನ ಕೈಯಿಂದ ತುದಿ ಕಿತ್ತುಕೊಂಡ, ಅವಳು ಆಚೆ ತುದಿ ಹಿಡಿದಳು. ಇಬ್ಬರೂ ಮನೆಯ ಮುಂದೆ ಬೆಳಗ್ಗೆ ಪಾವು ಸುತ್ತುವಂತೆ ನದಿಯನ್ನು ಎರಡು ಕಡೆಯಿಂದ ಸುತ್ತುತ್ತ ಬಂದು ನಡುವೆ ಎದುರುಬದುರು ನಿಂತರು. ನದಿ ಮುಗಿದಿತ್ತು.

ಬೆಳ್ಳಿಯಪ್ಪ ವೇಷದ ಗಡ್ಡ ಮೇಲೆತ್ತಿ ನೂಲು ಸವರಿ ನೋಡಿದ. "ಒಂದೆಳೆನೂ ಹರೀಲಿಲ್ಲ," ಎಂದ. ಆಮೇಲೆ ನಮ್ಮ ಕಡೆ ತಿರುಗಿ, "ಇವ್ನು ದಾಟಿದ್ನಾ, ಇಲ್ವಾ?"

ಬೆಳ್ಳಿಯಪ್ಪ ದೀಪ ನೋಡಿದ, ಮಗಳನ್ನು ನೋಡಿದ. "ಸರಿ, ಕೊಟ್ಟೆ. ಆದ್ರೆ ಕೊಟ್ಟಿದ್ದು ಮಾಯಾವಿ, ನಾನಲ್ಲ."

ಹಾಗಾಗಿ ಮದುವೆಯ ದಿನವೂ ಅವನು ಅದೇ ಗಡ್ಡ, ಅದೇ ಕಿರೀಟದಲ್ಲಿ ಬಂದು ಧಾರೆ ಎರೆಯಬೇಕಾಯಿತು. ಗಡ್ಡ ಒದ್ದೆಯಾಗಿತ್ತು. ಅತ್ತದ್ದು ಯಾರೆಂದು ನಮಗೆ ಇನ್ನೂ ತೀರ್ಮಾನವಾಗಿಲ್ಲ.

"ಆ ನದಿ ಏನಾಯ್ತು?" ಎಂದು ದಂಡಪಾಣಿ ಗ್ಲಾಸು ಕೆಳಗಿಟ್ಟ.

"ಮನೇಗೋಗಿ ಬಿಚ್ಚಿದ್ರೆ ಒಳಗೊಂದು ಮೀನು. ಜೀವ ಇತ್ತು. ರಂಗನಾಯಕಿನ ನೋಡ್ತು, ಬಾಯ್ ತೆಗೀತು, ಹಾರ್ಮೋನಿಯಂ ಶ್ರುತಿಗೆ ಸರಿಯಾಗಿ... ಎಲ್ಲಿಗೆ ಹೊಂಟೆ, ಬಸ್ಸೇ ಬಂದಿಲ್ಲ, ದಂಡಪಾಣಿ, ಆ ಮೀನು..."