ಬೆನ್ನ ಹಿಂದಿನ ಗಂಟು

ಸುಮ್ಮನೆ ಕೂತರೆ ನನ್ನ ಕೈ ನಡುಗುತ್ತದೆ. ಎದ್ದು ಕೆಲಸಕ್ಕೆ ಇಳಿದರೆ ನಿಲ್ಲುತ್ತದೆ. ಕೆಲವರಿಗೆ ಹೀಗೇ ಎಂದು ಡಾಕ್ಟರೇ ಹೇಳಿದ್ದಾರೆ. ಆದರೆ ಮಗಳ ಮನೆಯಲ್ಲಿ ನನ್ನನ್ನು ಕೆಲಸ ಮಾಡಲು ಬಿಟ್ಟರೆ ತಾನೆ? ಬಂದ ದಿನದಿಂದ "ಅಮ್ಮ, ನೀನು ಕೂತ್ಕೋ, ನೀನು ಕೂತ್ಕೋ" ಎಂದು ಸೋಫಾದ ಮೇಲೆ ಕೂರಿಸಿದಳು. ಕೂತವಳ ಕೈ ನಡುಗುವುದನ್ನು ನೋಡಿ ನೋಡಿ ತಾನೇ ಹೆದರಿಕೊಂಡಳು.

ಮೊಮ್ಮಗಳಿಗೆ ಆಗ ನಾಲ್ಕು ತಿಂಗಳು. ಅವಳಿಗೆ ಜೋರಮ್ಮ ಎಂದು ಅಡ್ಡಹೆಸರಿಟ್ಟವಳು ನಾನು. ಮೂರನೇ ಮಹಡಿಯಲ್ಲಿ ಅತ್ತರೆ ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡಬೇಕು, ಅಂಥ ಗಂಟಲು. ಮಗಳ ರಜೆ ಮುಗಿದು ಸೋಮವಾರದಿಂದ ಅವಳು ಆಸ್ಪತ್ರೆಯ ಲ್ಯಾಬಿಗೆ ಹೋಗಬೇಕಿತ್ತು. ಅಳಿಯ ಬಸ್ ಡ್ರೈವರ್, ಬೆಳಗ್ಗೆ ಹೊರಟರೆ ಮನೆ ಸೇರುವುದು ಸಂಜೆಯೇ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಅಂತಲೇ ಬಟ್ಟೆಬರೆ ಕಟ್ಟಿಕೊಂಡು ಬಂದಿದ್ದೆ. ಮಗಳೂ ಬೇಡ ಅಂದಿರಲಿಲ್ಲ.

ಆ ವಾರದ ಮಧ್ಯದಲ್ಲಿ ಅವಳು ಒಳಗಿನ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. "ಸೋಮವಾರದಿಂದ ಡೇಕೇರ್‌ನಲ್ಲೇ ಬಿಡ್ತೀವಿ. ಅಮ್ಮ ಏನೋ ಬಂದಿದ್ದಾಳೆ. ಆದ್ರೆ ಅವಳ ಕೈಗೆ ಮಗು ಕೊಡೋಕೆ ನಂಗೆ ಧೈರ್ಯ ಬರ್ತಿಲ್ಲ."

ಮೈಯೆಲ್ಲ ಉರಿದುಹೋಯಿತು. ಇವಳನ್ನೂ ಇವಳ ತಮ್ಮನನ್ನೂ ಸಾಕಿದ ಕೈ ಇದು, ಈಗ ಇದಕ್ಕೆ ಪರೀಕ್ಷೆಯೇ! ನುಗ್ಗಿ ಹೋಗಿ ನಾಲ್ಕು ಮಾತು ಬಿಗಿಯಬೇಕು ಅನ್ನಿಸಿತು. ಹೋಗಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಅಳುವೇ ಹೆಚ್ಚು ಬಂದಿತ್ತು, ಅತ್ತುಕೊಂಡು ಬೈದರೆ ಯಾರು ಕೇಳುತ್ತಾರೆ?

ಅವಳದ್ದೂ ತಪ್ಪೇನಿಲ್ಲ ಬಿಡಿ. ಹಿಂದಿನ ದಿನ ತಾನು ಕೊಂಡಿದ್ದ ಮಗು ಎತ್ತುವ ಬ್ಯಾಗನ್ನು ನನ್ನ ಮೈಗೆ ಹಾಕಿ ನೋಡಿದ್ದಳು. ಅದಕ್ಕೆ ಕುದುರೆ ಜೀನಿಗೆ ಇರುವಷ್ಟು ಪಟ್ಟಿ, ಬಕಲ್ಲು. ಅವಳು ಕಣ್ಣು ಮಿಟುಕಿಸದೆ ನನ್ನ ಬೆರಳನ್ನೇ ನೋಡುತ್ತಾ ನಿಂತರೆ ಬಕಲ್ಲು ಹಾಕುವುದಾದರೂ ಹೇಗೆ? ನೋಡಿದಷ್ಟೂ ಬೆರಳು ಕುಣಿಯಿತು. "ಇರ್ಲಿ ಬಿಡಮ್ಮ" ಎಂದು ಬಿಚ್ಚಿಟ್ಟಳು.

ಆ ರಾತ್ರಿ ಪೆಟ್ಟಿಗೆಯ ತಳದಿಂದ ನನ್ನ ನೀಲಿ ಚೌಕಳಿ ಬಟ್ಟೆ ತೆಗೆದು ತಲೆದಿಂಬಿನ ಮೇಲೆ ಹಾಸಿಕೊಂಡೆ. ಹಳೆಯ ಹೊದಿಕೆ ಅದು, ಒಗೆದು ಒಗೆದು ಬೆಣ್ಣೆಯಾಗಿದೆ. ಇಬ್ಬರು ಮಕ್ಕಳನ್ನೂ ಅದರಲ್ಲೇ ಮೈಗೆ ಕಟ್ಟಿಕೊಂಡು ಸಂಸಾರ ನಡೆಸಿದವಳು ನಾನು. ಆಗ ಇದ್ದದ್ದು ಒಂದೂವರೆ ಕೋಣೆಯ ಮನೆ, ಮಗುವನ್ನು ಇಳಿಸಲು ಜಾಗವೇ ಇರಲಿಲ್ಲ. ಬೆಂಕಿಯ ಹತ್ತಿರದ ಕೆಲಸಕ್ಕೆ ಮಗು ಬೆನ್ನಿಗೆ. ನೆಲ ಗುಡಿಸುವಾಗಲೂ ಬೆನ್ನಿಗೇ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಎದೆಗೆ. ಮಗ ನನ್ನ ಕತ್ತಿನ ಮೇಲೆಲ್ಲ ಜೊಲ್ಲು ಸುರಿಸುತ್ತಿದ್ದ. ಹಿಟ್ಟು ನಾದುವಾಗ ಕೈ ಚಾಚಿ ಒಂದು ಮುದ್ದೆ ಹಿಟ್ಟನ್ನು ನನ್ನ ಕೂದಲಿಗೆ ಮೆತ್ತಿದ್ದೂ ಉಂಟು. ಅವನ ಬಿಸಿ ಉಸಿರು ನನ್ನ ಕುತ್ತಿಗೆಯ ಹತ್ತಿರ ಒಂದು ಕಡೆಗೇ ಬಡಿಯುತ್ತಿತ್ತು. ಇವತ್ತಿಗೂ ಪಾತ್ರೆ ತೊಳೆಯಲು ನಿಂತರೆ ಆ ಜಾಗ ಬೆಚ್ಚಗಾಗುತ್ತದೆ.

ಬೆನ್ನಿಗೆ ಕಟ್ಟಿದರೆ ಗಂಟು ಮುಂದೆ ಬರುತ್ತದೆ, ನಾನೇ ಹಾಕಿಕೊಳ್ಳುತ್ತಿದ್ದೆ. ಎದೆಗೆ ಕಟ್ಟಿದರೆ ಗಂಟು ಬೆನ್ನ ಹಿಂದೆ. ಅದಕ್ಕೆ ಮಗಳೇ ಬೇಕು. ಅವಳಿಗೆ ಆರು ವರ್ಷವಿರಬೇಕು. ಎಟುಕುವುದಿಲ್ಲವೆಂದು ನಮ್ಮವರು ಅವಳಿಗಾಗಿಯೇ ಒಂದು ಪುಟ್ಟ ಸ್ಟೂಲು ಮಾಡಿಕೊಟ್ಟಿದ್ದರು, ಅವರು ಬಡಗಿ. ಸ್ಟೂಲು ಹತ್ತಿ, ನನ್ನ ಸೊಂಟಕ್ಕೆ ಮೊಣಕಾಲು ಒತ್ತಿ, ನಾಲಿಗೆ ಕಚ್ಚಿಕೊಂಡು ಎಳೆಯುತ್ತಿದ್ದಳು. "ಸಾಕಾ ಅಮ್ಮ?" "ಇನ್ನೂ ಸ್ವಲ್ಪ ಬಿಗಿ ಮಾಡೇ, ನಿನ್ನ ತಮ್ಮ ಜಾರಿ ಬಕೆಟ್ಟಿಗೆ ಬಿದ್ದಾನು." ಆಮೇಲೆ ಅವಳ ತಮ್ಮನ ಕಾಲು ಎರಡೂ ಸರಿಯಾಗಿವೆಯೇ ಎಂದು ಮುಂದೆ ಬಂದು ನೋಡಿ ಹೋಗುತ್ತಿದ್ದಳು, ದೊಡ್ಡ ಇನ್‌ಸ್ಪೆಕ್ಟರ್! ಈಗ ನಮ್ಮವರೂ ಇಲ್ಲ, ಸ್ಟೂಲೂ ಇಲ್ಲ. ಎಷ್ಟು ಸುಸ್ತಾಗುತ್ತಿತ್ತು, ಆದರೂ ಆ ದಿನಗಳು ವಾಪಸ್ಸು ಬರುತ್ತವೆ ಅಂದರೆ ಈಗಲೇ ಎದ್ದು ಹೋಗುತ್ತೇನೆ.

ಶನಿವಾರ ಮಧ್ಯಾಹ್ನ ಜೋರಮ್ಮ ಶುರುಮಾಡಿದಳು ನೋಡಿ. ಹಾಲು ಕುಡಿಸಿದ್ದಾಯಿತು, ಬಟ್ಟೆ ಬದಲಿಸಿದ್ದಾಯಿತು, ಆ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಿದ್ದಾಯಿತು. ಊಹೂಂ. ಮಗಳು ಹಿಂದಿನ ರಾತ್ರಿಯೂ ನಿದ್ದೆ ಮಾಡಿರಲಿಲ್ಲ. ಕೊನೆಗೆ ಮಗುವನ್ನು ಎತ್ತಿಕೊಂಡೇ ಗೋಡೆಗೆ ಒರಗಿ ಅವಳೂ ಅಳತೊಡಗಿದಳು.

ನಾನು ಹೋಗಿ ನೀಲಿ ಬಟ್ಟೆ ತಂದೆ. "ಕೊಡು ಇಲ್ಲಿ" ಅಂದೆ.

"ಅಮ್ಮ, ನಿನ್ನ ಕೈ..."

"ನನ್ನ ಕೈಗೆ ಕೊಡು ಅಂತ ಯಾರೇ ಅಂದ್ರು? ಬಟ್ಟೆ ಹಿಡ್ಕೊಳ್ಳುತ್ತೆ. ನೀನು ಗಂಟು ಹಾಕು ಸಾಕು."

ಅವಳು ಬಟ್ಟೆಯನ್ನೇ ನೋಡಿದಳು. ಗುರುತು ಹಿಡಿದಳು ಅಂತ ಕಾಣುತ್ತೆ. ಮಗುವನ್ನು ನನ್ನ ಎದೆಗೆ ಒತ್ತಿ ಹಿಡಿದು ಬಟ್ಟೆ ಸುತ್ತಿದಳು, ಹಿಂದಕ್ಕೆ ಹೋದಳು. ಸೊಂಟಕ್ಕೆ ಮೊಣಕಾಲು ತಗುಲಿತು.

"ಸಾಕಾ ಅಮ್ಮ?"

"ಇನ್ನೂ ಸ್ವಲ್ಪ."

ಎಳೆದಳು. ಆಮೇಲೆ ಮುಂದೆ ಬಂದು ಮಗುವಿನ ಕಾಲು ಎರಡನ್ನೂ ಸರಿಮಾಡಿದಳು, ಮುಖ ಕಾಣುತ್ತಿದೆಯೇ ಎಂದು ಬಗ್ಗಿ ನೋಡಿದಳು.

ಸಿಂಕಿನಲ್ಲಿ ಪಾತ್ರೆಯ ಗುಡ್ಡವೇ ಇತ್ತು. ನಲ್ಲಿ ತಿರುಗಿಸಿದೆ. ಕೈ ನೀರಿಗೆ ಬಿದ್ದದ್ದೇ ತಡ, ನಡುಕ ಎತ್ತ ಹೋಯಿತೋ. ತಟ್ಟೆ, ಲೋಟ, ತಳ ಹಿಡಿದ ಪಾತ್ರೆ, ಒಂದೂ ಜಾರಲಿಲ್ಲ. ಜೋರಮ್ಮ ಎರಡು ಸಲ ಬಿಕ್ಕಿದಳು, ಪಾತ್ರೆಯ ಸದ್ದಿಗೆ ಕಿವಿಗೊಟ್ಟಳು, ತಲೆ ನನ್ನ ಎದೆಗೆ ಒರಗಿಸಿ ಮಲಗಿಬಿಟ್ಟಳು. ಬಿಸಿ ಉಸಿರು ಅದೇ ಜಾಗಕ್ಕೆ ಬಡಿಯಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈಯೆಲ್ಲ ಸೋಪು.

ಮಗಳು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ನೋಡಲಿ. ಬಟ್ಟೆ ಮಡಿಸಿದೆ, ಮೇಜು ಒರೆಸಿದೆ. ಅಷ್ಟರಲ್ಲಿ ಕೆಲಸವೇ ಮುಗಿದುಹೋಯಿತು! ಕಾಲು ಬೇರೆ ನೋಯುತ್ತಿತ್ತು, ಆದರೆ ಕೂತರೆ ನಡುಕ ಶುರುವಾಗುತ್ತದಲ್ಲ. ಕೂತ ಕೈ ನೋಡಿ ಅವಳು ಮತ್ತೆ ಹೆದರಿದರೆ, ಮಗು ಎದ್ದರೆ, ನನ್ನ ಕಥೆ ಮುಗಿಯಿತು. ಮತ್ತೆ ಸಿಂಕಿಗೆ ಹೋದೆ.

"ಅಮ್ಮ, ಅದು ತೊಳೆದಿರೋ ಲೋಟ."

"ಗೊತ್ತು. ಚೆನ್ನಾಗಿ ತೊಳೆದಿಲ್ಲ."

"ನೀನೇ ಅಲ್ವಾ ತೊಳೆದಿದ್ದು?" ಎಂದು ಅವಳು ನಕ್ಕಳು. ಬಂದ ಮೇಲೆ ಮೊದಲ ಸಲ ಅವಳ ನಗು ಕೇಳಿದ್ದು. "ಬಾ, ಕೂತ್ಕೋ."

ಬೇರೆ ದಾರಿಯಿರಲಿಲ್ಲ. ಸೋಫಾದ ಮೇಲೆ ಕೂತೆ, ಒಂದು ಕೈ ಮಗುವಿನ ಬೆನ್ನ ಮೇಲಿಟ್ಟೆ. ಶುರುವಾಯಿತು. ಬೆರಳೆಲ್ಲ ಆ ಪುಟ್ಟ ಬೆನ್ನ ಮೇಲೆ ತಟತಟ ಬಡಿಯತೊಡಗಿದವು. ಈಗ ಎದ್ದಾಳು, ಈಗ ಕಿರುಚಿಯಾಳು ಎಂದು ಉಸಿರು ಬಿಗಿಹಿಡಿದೆ. ಜೋರಮ್ಮ ಒಂದು ನಿಟ್ಟುಸಿರು ಬಿಟ್ಟು ಇನ್ನಷ್ಟು ಮುದುಡಿಕೊಂಡಳು, ನಿದ್ದೆ ಇನ್ನೂ ಗಾಢವಾಯಿತು.

ಮಗಳು ಪಕ್ಕದಲ್ಲಿ ಬಂದು ಕೂತಳು. ನನ್ನ ಕೈಯನ್ನೂ ಮಗುವಿನ ಮುಖವನ್ನೂ ಬಹಳ ಹೊತ್ತು ನೋಡಿದಳು.

"ತಟ್ತಾ ಇದ್ದೀಯಾ ಅಮ್ಮ?" ಎಂದು ಮೆಲ್ಲಗೆ ಕೇಳಿದಳು.

ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಹೂಂ" ಅಂದೆ.

"ಹಾಗೇ ತಟ್ಟು. ನಾನು ಸ್ವಲ್ಪ ಮಲಗ್ತೀನಿ." ಎದ್ದು ಕೋಣೆಯ ಬಾಗಿಲವರೆಗೆ ಹೋದವಳು ನಿಂತಳು. "ಅಮ್ಮ, ಡೇಕೇರ್‌ಗೆ ಫೋನ್ ಮಾಡಿ ಬೇಡ ಅಂತೀನಿ. ಸೋಮವಾರ ಹೊರಡೋ ಮುಂಚೆ ನಾನೇ ಗಂಟು ಹಾಕಿ ಹೋಗ್ತೀನಿ."

"ಬಿಗಿಯಾಗಿ ಹಾಕೇ" ಅಂದೆ.